ಕಷ್ಟಕಾಲದಲ್ಲಿ ದೇವರನ್ನು ಆತುಕೊಳ್ಳುವದೆಂದರೇನು?

ಇತರರ ಮನೆಗಳಿಗೆ ಬರುವಂತೆಯೇ ಕ್ರೈಸ್ತರ ಮನೆಗಳಿಗೂ ಕಷ್ಟಗಳು ಬರುತ್ತವೆಂಬದನ್ನು ಯಾರೂ ನಮಗೆ ಕಲಿಸಬೇಕಾದದ್ದಿಲ್ಲ. ಮಳೆ ತಪ್ಪಿದ ವರುಷದಲ್ಲಿ ಪ್ರಾರ್ಥಿಸುವವನ ಹೊಲವೂ ಪ್ರಾರ್ಥಿಸದವನ ಹೊಲವೂ ಒಂದೇ ರೀತಿಯಾಗಿ ಬಿರುಕು ಬಿಡುತ್ತವೆ. ಜ್ವರವು ಬಾಗಿಲಲ್ಲಿ ನಿಂತು, ಈ ಮನೆಯವರು ದೀಕ್ಷಾಸ್ನಾನ ಹೊಂದಿದವರೋ ಎಂದು ವಿಚಾರಿಸಿ ಒಳಗೆ ಬರುವದಿಲ್ಲ. ಉಳುವ ಎತ್ತು ಸಾಯುತ್ತದೆ. ಕೈಗೆ ಬಂದ ಮಗನು ಕುಡಿತಕ್ಕೆ ಬೀಳುತ್ತಾನೆ. ಮಗಳು ಗಂಡನ ಮನೆಯಿಂದ ಅಳುತ್ತಾ ತಿರುಗಿ ಬರುತ್ತಾಳೆ. ಸಾಹುಕಾರನ ಬಡ್ಡಿಯು ಬೆಳೆಯುತ್ತಾ ಹೋಗಿ ಅಸಲನ್ನು ಮೀರುತ್ತದೆ. ಆಗ ಊರಿನವರೊಳಗೆ ಕೆಲವರು, ನೀನು ಕುಲದೇವರನ್ನು ಬಿಟ್ಟೆ, ಈಗ ಅದರ ಫಲವನ್ನು ಉಣ್ಣುತ್ತೀ ಅನ್ನುತ್ತಾರೆ. ಸಭೆಯವರೊಳಗೂ ಕೆಲವರು, ನಿನ್ನ ವಿಶ್ವಾಸವು ಸಾಲದು, ಗುಪ್ತವಾದ ಪಾಪವೇನಾದರೂ ಇರಬೇಕು ಅನ್ನುತ್ತಾರೆ. ಈ ಎರಡು ಮಾತುಗಳು ಬೇರೆ ಬೇರೆ ಬಾಯಿಂದ ಬಂದಾಗ್ಯೂ ಒಂದೇ ಬೇರಿನಿಂದ ಹುಟ್ಟಿದವುಗಳು. ಅದೇನಂದರೆ, ಭಕ್ತಿಯು ಕಷ್ಟ ಬಾರದ ಹಾಗೆ ನಾವು ಸಲ್ಲಿಸುವ ಕಂದಾಯ, ಕಷ್ಟ ಬಂದರೆ ಕಂದಾಯವು ಬಾಕಿಯಾಯಿತೆಂದು ಅರ್ಥ ಎಂಬ ಎಣಿಕೆಯೇ.

ಈ ಎಣಿಕೆಯು ಸರಿಯೋ ತಪ್ಪೋ ಎಂದು ವಿಚಾರಿಸುವದು ಬಹಳ ಅವಶ್ಯ. ಯಾಕಂದರೆ ಕಷ್ಟದಲ್ಲಿ ದೇವರನ್ನು ಆತುಕೊಳ್ಳಿರೆಂದು ನಾವು ಒಬ್ಬರಿಗೊಬ್ಬರು ಸುಲಭವಾಗಿ ಹೇಳುತ್ತೇವೆ. ಆದರೆ ಆ ಮಾತಿನ ಅರ್ಥವನ್ನು ತಿಳಿಯದೆ ಹೇಳಿದರೆ, ನೊಂದವನ ಗಾಯದ ಮೇಲೆ ಉಪ್ಪು ಹಾಕಿದಂತಾಗುವದು.

ಯೋಬನ ಗ್ರಂಥದ ಆರಂಭದಲ್ಲಿ ಸೈತಾನನು ಒಂದು ಪ್ರಶ್ನೆಯನ್ನು ಕೇಳುತ್ತಾನೆ. ಯೋಬನು ಸುಮ್ಮನೆ ದೇವರಿಗೆ ಭಯಪಡುತ್ತಾನೋ? ಅವನ ಮಂದೆಗಳನ್ನೂ ಮಕ್ಕಳನ್ನೂ ದೇವರು ಬೇಲಿ ಹಾಕಿ ಕಾಯುತ್ತಿರುವದರಿಂದಲ್ಲವೇ ಅವನು ಭಕ್ತನಾಗಿದ್ದಾನೆ ಎಂಬದೇ ಆ ಪ್ರಶ್ನೆಯ ತಾತ್ಪರ್ಯ. ಪ್ರಶ್ನೆಯು ವೈರಿಯ ಬಾಯಿಂದ ಬಂದದ್ದಾದರೂ ಪೊಳ್ಳಾದದ್ದಲ್ಲ. ಕೂಲಿಗೋಸ್ಕರ ದುಡಿಯುವ ಆಳು ಕೂಲಿ ನಿಂತ ದಿನವೇ ಯಜಮಾನನ ಬಾಗಿಲನ್ನು ಬಿಡುತ್ತಾನೆ. ಮಗನಾದರೋ ಬರಗಾಲದಲ್ಲಿಯೂ ತಂದೆಯ ಮನೆಯಲ್ಲಿಯೇ ಇರುತ್ತಾನೆ. ಇದ್ದ ಗಂಜಿಯಲ್ಲಿ ಪಾಲು ತೆಗೆದುಕೊಳ್ಳುತ್ತಾನೆ. ನಾವು ದೇವರ ಮನೆಯಲ್ಲಿ ಆಳುಗಳೋ ಮಕ್ಕಳೋ ಎಂಬದು ಸುಖಕಾಲದಲ್ಲಿ ಹೊರಗಿನವರಿಗೆ ಕಾಣುವದಿಲ್ಲ, ನಮಗೂ ಗೊತ್ತಾಗುವದಿಲ್ಲ. ಕಷ್ಟವೇ ಅದನ್ನು ಬೆಳಕಿಗೆ ತರುತ್ತದೆ.

ಆದಕಾರಣ ದೇವರನ್ನು ಆತುಕೊಳ್ಳುವದು ಆತನ ಸಂಗಡ ವ್ಯಾಪಾರ ಮಾಡುವದಲ್ಲವೆಂದು ಮೊದಲಾಗಿ ತಿಳಿಯಬೇಕು. ಮಗುವು ಬದುಕಿದರೆ ಇಷ್ಟು ಕೊಡುವೆನು, ಬೆಳೆ ಬಂದರೆ ಇಷ್ಟು ಮಾಡುವೆನು ಎಂದು ಹರಕೆ ಹೊರುವ ರೂಢಿಯನ್ನು ನಮ್ಮ ಹಿರಿಯರು ಗುಡಿಯಲ್ಲಿ ಬಿಟ್ಟು ಬಂದರೆಂದು ನಾವು ನೆನಸುತ್ತೇವೆ. ಆದರೆ ಅದು ನಮ್ಮ ಹಿಂದೆಯೇ ನಡೆದು ಬಂದು, ದೇವಾಲಯದ ಕಡೇ ಸಾಲಿನಲ್ಲಿ ಕೂತಿರುವದುಂಟು. ಕೃತಜ್ಞತೆಯಿಂದ ಕಾಣಿಕೆ ಕೊಡುವದು ಒಳ್ಳೇದೇ. ಆದರೆ ಕಾಣಿಕೆಯಿಂದ ದೇವರ ಕೈಯನ್ನು ತಿರುಗಿಸಬಹುದೆಂಬದು ಸುವಾರ್ತೆಯಲ್ಲ.

ಈ ದೇಶದಲ್ಲಿ 1876ರಿಂದ 1878ರ ವರೆಗೆ ಬಿದ್ದ ಬರವನ್ನು ಹಿಂದಿನವರು ಧಾತು ಈಶ್ವರ ಸಂವತ್ಸರಗಳ ಬರವೆಂದು ಹೆಸರಿಟ್ಟು ಬಹುಕಾಲ ನೆನಪಿನಲ್ಲಿಟ್ಟುಕೊಂಡರು. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನರ ಸಂಖ್ಯೆಯು 50 ಲಕ್ಷಕ್ಕೆ ಮೇಲಾಗಿತ್ತು; 1881ರ ಗಣತಿಯಲ್ಲಿ ಅದು 42 ಲಕ್ಷದೊಳಗೆ ಇಳಿದಿತ್ತು. ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗಳಲ್ಲಿಯೂ ಊರುಗಳು ಬರಿದಾದವು. ಹಾಗೆ ಸತ್ತವರೊಳಗೆ ದೇವರಿಗೆ ಮೊರೆಯಿಟ್ಟವರು ಒಬ್ಬರಾದರೂ ಇರಲಿಲ್ಲವೋ? ಉಳಿದವರೆಲ್ಲರೂ ಸತ್ತವರಿಗಿಂತ ನೀತಿವಂತರಾಗಿದ್ದರೋ? ಹೀಗೆ ಹೇಳುವದಕ್ಕೆ ಯಾರಿಗೆ ಧೈರ್ಯವುಂಟು? ಪ್ರಾರ್ಥನೆಯು ಅನ್ನಕ್ಕೆ ಬೆಲೆಯಾಗಿದ್ದರೆ ಆ ಎರಡು ವರುಷಗಳ ಲೆಕ್ಕವು ಎಂದಿಗೂ ಕೂಡುವದಿಲ್ಲ.

ಎರಡನೇದಾಗಿ, ವಿಶ್ವಾಸವು ಮತ್ತೊಬ್ಬರನ್ನು ಅಳೆಯುವ ಕೋಲಲ್ಲ. ಯೋಬನ ಮೂವರು ಸ್ನೇಹಿತರು ಬಂದು ಮೊದಲು ಏಳು ದಿವಸ ಮಾತಾಡದೆ ಅವನ ಸಂಗಡ ನೆಲದ ಮೇಲೆ ಕೂತರು. ಅವರು ಮಾಡಿದ ಕೆಲಸಗಳಲ್ಲಿ ಅದೇ ಉತ್ತಮವಾದದ್ದು. ಬಾಯಿ ತೆರೆದ ಮೇಲೆ ಅವರು ದೇವರ ಪಕ್ಷವನ್ನು ಹಿಡಿದವರಂತೆ ಮಾತಾಡಿ, ಈ ಕಷ್ಟಕ್ಕೆ ನಿನ್ನ ಅಪರಾಧವೇ ಕಾರಣವೆಂದು ಅವನನ್ನು ಇರಿದರು. ಕಡೆಯಲ್ಲಿ ದೇವರ ಕೋಪವು ಅವರ ಮೇಲೆಯೇ ಉರಿಯಿತು. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಇವನ ಪಾಪವೋ ಇವನನ್ನು ಹೆತ್ತವರ ಪಾಪವೋ ಎಂದು ಕೇಳಿದಾಗ, ನಮ್ಮ ಕರ್ತನು ಎರಡನ್ನೂ ಅಲ್ಲಗಳೆದನು. ಸಿಲೋವದ ಗೋಪುರವು ಬಿದ್ದು ಸತ್ತ 18 ಮಂದಿಯು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳಲ್ಲವೆಂದು ಆತನೇ ತಿಳಿಸಿದನು. ಹೀಗಿರಲಾಗಿ, ಕೂಸನ್ನು ಹೂಣಿಟ್ಟು ಬಂದ ತಾಯಿಗೆ, ನಿನಗೆ ವಿಶ್ವಾಸವಿದ್ದಿದ್ದರೆ ಕೂಸು ಉಳಿಯುತ್ತಿತ್ತು ಎಂದು ಹೇಳುವವನು ಯಾರ ಶಿಷ್ಯನು? ಕ್ರಿಸ್ತನ ಶಿಷ್ಯನಂತೂ ಅಲ್ಲ.

ಇದಕ್ಕೆ ಒಂದು ದೃಷ್ಟಾಂತವನ್ನು ಹೇಳುತ್ತೇವೆ. ಇಂಗ್ಲೆಂಡಿನ ಓಲ್ನಿ ಎಂಬ ಊರಿನಲ್ಲಿ ಜಾನ್ ನ್ಯೂಟನ್ ಎಂಬ ಬೋಧಕರಿದ್ದರು. ಅವರು ಪೂರ್ವದಲ್ಲಿ ಗುಲಾಮರನ್ನು ಸಾಗಿಸುವ ಹಡಗಿನ ನಾಯಕರಾಗಿದ್ದವರು. ಅವರ ಸಭೆಯಲ್ಲಿ ವಿಲಿಯಮ್ ಕೂಪರ್ ಎಂಬ ಭಕ್ತನಾದ ಕವಿಯಿದ್ದನು. ಇವರಿಬ್ಬರೂ ರಚಿಸಿದ ಗೀತಗಳ ಪುಸ್ತಕವು 1779ರಲ್ಲಿ ಅಚ್ಚಾಯಿತು; ಅದರೊಳಗಿನ ಕೆಲವು ಗೀತಗಳನ್ನು ಲೋಕದ ಅನೇಕ ಸಭೆಗಳು ಈಗಲೂ ಹಾಡುತ್ತವೆ. ಆದರೆ 1773ರಲ್ಲಿ ಕೂಪರನ ಮನಸ್ಸು ಬಹಳವಾಗಿ ಕೆಟ್ಟುಹೋಗಿ, ದೇವರು ತನ್ನನ್ನು ಸದಾಕಾಲಕ್ಕೂ ತಳ್ಳಿಬಿಟ್ಟನೆಂಬ ಭಯಂಕರವಾದ ಯೋಚನೆಯು ಅವನನ್ನು ಹಿಡಿಯಿತು. ನ್ಯೂಟನ್‌ರವರು ಅವನನ್ನು ಅವಿಶ್ವಾಸಿಯೆಂದು ಗದರಿಸಲಿಲ್ಲ. ಅವನನ್ನು ತಮ್ಮ ಮನೆಗೆ ತಂದುಕೊಂಡು ಒಂದು ವರುಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡರು. ಮೇರಿ ಅನ್ವಿನ್ ಎಂಬ ವಿಧವೆಯು ಅವನ ಆರೈಕೆ ಮಾಡಿದಳು. ಆ ರೋಗವು 1800ರಲ್ಲಿ ಅವನು ಸಾಯುವ ತನಕ ಅವನನ್ನು ಪೂರ್ಣವಾಗಿ ಬಿಡಲೇ ಇಲ್ಲ. ಮನಸ್ಸಿಗೂ ದೇಹದಂತೆಯೇ ರೋಗಗಳುಂಟೆಂದೂ ಅವುಗಳಿಗೆ ವೈದ್ಯರೂ ಔಷಧಗಳೂ ಉಂಟೆಂದೂ ಈಗ ನಮಗೆ ತಿಳಿದಿದೆ. ಅಂಥವನು ನಮ್ಮ ಸಭೆಯಲ್ಲಿದ್ದರೆ, ಅವನು ತಾನಾಗಿ ದೇವರನ್ನು ಹಿಡಿಯಲಾರದ ಕಾಲದಲ್ಲಿಯೂ ದೇವರು ಅವನನ್ನು ಹಿಡಿದಿದ್ದಾನೆಂದು ನಾವು ಅವನ ಪರವಾಗಿ ನಂಬಬೇಕು. ಅವನನ್ನು ವೈದ್ಯರ ಬಳಿಗೆ ಕರಕೊಂಡು ಹೋಗಬೇಕು.

ಮೂರನೇದಾಗಿ, ದೇವರನ್ನು ಆತುಕೊಳ್ಳುವದು ಕೈಕಟ್ಟಿ ಕೂತಿರುವದಲ್ಲ. ಔಷಧ ತೆಗೆದುಕೊಳ್ಳುವದು ಅವಿಶ್ವಾಸವೆಂದು ಕೆಲವರು ಬೋಧಿಸುತ್ತಾರೆ. ಅವರು ಅರಸನಾದ ಹಿಜ್ಕೀಯನ ಚರಿತ್ರೆಯನ್ನು ಗಮನಿಸಲಿ. ಅವನು ಮರಣಕರವಾದ ರೋಗದಲ್ಲಿ ಗೋಡೆಯ ಕಡೆಗೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸಿದನು. ದೇವರು ಅವನ ಆಯುಷ್ಯಕ್ಕೆ 15 ವರುಷಗಳನ್ನು ಕೂಡಿಸುವೆನೆಂದು ವಾಗ್ದಾನ ಮಾಡಿದನು. ಆ ವಾಗ್ದಾನವನ್ನು ತಂದ ಯೆಶಾಯ ಪ್ರವಾದಿಯೇ ಹುಣ್ಣಿನ ಮೇಲೆ ಅಂಜೂರದ ಹಣ್ಣಿನ ಮುದ್ದೆಯನ್ನು ಕಟ್ಟಿಸಿದನು. ವಾಗ್ದಾನ ಕೊಟ್ಟವನೇ ಔಷಧವನ್ನೂ ಕೊಟ್ಟನು. ಪೌಲನ ಪ್ರಿಯ ಸಂಗಡಿಗನಾದ ಲೂಕನು ವೈದ್ಯನಾಗಿದ್ದನು. ಪೌಲನು ತಿಮೊಥೆಯನ ಹೊಟ್ಟೆಯ ಬೇನೆಗೆ ಪ್ರಾರ್ಥನೆ ಒಂದೇ ಸಾಕೆಂದು ಬರೆಯಲಿಲ್ಲ. ಸ್ವಲ್ಪ ದ್ರಾಕ್ಷಾರಸವನ್ನು ಔಷಧವಾಗಿ ತೆಗೆದುಕೊಳ್ಳೆಂದು ಬರೆದನು.

ಹಾವು ಕಚ್ಚಿದವನ ಬಳಿಯಲ್ಲಿ ಪ್ರಾರ್ಥಿಸುತ್ತಾ ಕೂತಿರುವವನಿಗಿಂತ, ಪ್ರಾರ್ಥಿಸುತ್ತಾ ಗಾಡಿಯನ್ನು ಗೊತ್ತುಮಾಡಿ ಆಸ್ಪತ್ರೆಗೆ ಓಡುವವನು ಹೆಚ್ಚಾಗಿ ದೇವರನ್ನು ನಂಬಿದವನು. ಕ್ಷಯರೋಗದಿಂದ ಮನೆಮನೆಗಳು ಅಳಿದುಹೋಗುತ್ತಿದ್ದ ಕಾಲವಿತ್ತು. ಅದಕ್ಕೆ ತಕ್ಕ ಮೊದಲನೇ ಔಷಧವು 1943ರಲ್ಲಿ ಸಿಕ್ಕಿತು. ಈಗ ಸಾಧಾರಣವಾಗಿ 6 ತಿಂಗಳು ಬಿಡದೆ ಮಾತ್ರೆಗಳನ್ನು ತೆಗೆದುಕೊಂಡರೆ ಆ ರೋಗವು ವಾಸಿಯಾಗುವದು. ನಡುವೆ ನಿಲ್ಲಿಸಿದರೆ ಮೊದಲಿಗಿಂತ ಗಟ್ಟಿಯಾಗಿ ತಿರುಗಿ ಬರಬಹುದು. ಎರಡು ತಿಂಗಳಾದ ಮೇಲೆ, ದೇವರು ವಾಸಿಮಾಡಿದನು, ಇನ್ನು ಮಾತ್ರೆಯು ಬೇಡವೆಂದು ಬಿಡುವವನು ದೇವರನ್ನು ಮಹಿಮೆಪಡಿಸುವದಿಲ್ಲ. ಆತನು ಕೊಟ್ಟ ದಾನವನ್ನು ಅರ್ಧದಲ್ಲಿ ಎಸೆದುಬಿಡುತ್ತಾನೆ.

ಹಾಗಾದರೆ ಆತುಕೊಳ್ಳುವದೆಂದರೇನು? ಹಿಂದಿನ ಕಾಲದಲ್ಲಿ ತಲೆಹೊರೆಯವರು ನಡೆಯುವ ದಾರಿಗಳ ಬದಿಯಲ್ಲಿ ಹೊರೆ ಇಳಿಸುವದಕ್ಕಾಗಿ ಆಳೆತ್ತರದ ಕಲ್ಲುಗಳನ್ನು ಧರ್ಮಾತ್ಮರು ನಿಲ್ಲಿಸುತ್ತಿದ್ದರು. ಹೊರೆಯವನು ಬಗ್ಗದೆ, ಯಾರ ಸಹಾಯವನ್ನೂ ಕೇಳದೆ, ತಲೆಯ ಭಾರವನ್ನು ಆ ಕಲ್ಲಿನ ಮೇಲೆ ಸರಿಸಿ ಉಸಿರು ಬಿಡುತ್ತಿದ್ದನು. ಕಲ್ಲು ಅವನ ದಾರಿಯನ್ನು ಕಡಿಮೆ ಮಾಡುತ್ತಿರಲಿಲ್ಲ. ಹೊರೆಯೊಳಗಿನ ಒಂದು ಸೇರು ಭತ್ತವನ್ನಾದರೂ ತೆಗೆಯುತ್ತಿರಲಿಲ್ಲ. ಆದರೆ ಆ ಕಲ್ಲಿಲ್ಲದಿದ್ದರೆ ಅವನು ಸಂತೆಯನ್ನು ಮುಟ್ಟುತ್ತಿರಲಿಲ್ಲ. ದೇವರ ಮೇಲೆ ಭಾರ ಹಾಕುವದು ಬಹುಮಟ್ಟಿಗೆ ಇಂಥಾದ್ದೇ. ಒಂದು ಭೇದವುಂಟು: ಕಲ್ಲು ನಿಂತಲ್ಲಿಯೇ ನಿಲ್ಲುತ್ತದೆ; ನಮ್ಮ ಕರ್ತನು ನಮ್ಮ ಸಂಗಡ ಮುಂದಕ್ಕೆ ನಡೆಯುತ್ತಾನೆ.

ಭಾರವನ್ನು ಇಳಿಸುವದಕ್ಕೆ ಮೊದಲು ಅದು ಭಾರವೆಂದು ಒಪ್ಪಬೇಕು. ಆದದರಿಂದ ಆತುಕೊಳ್ಳುವವನ ಮೊದಲನೇ ಗುರುತು ಸತ್ಯವಾದ ಪ್ರಾರ್ಥನೆ. ದೇವರ ಮುಂದೆ ಅಳುವದು, ಯಾಕೆ ಎಂದು ಕೇಳುವದು ಪಾಪವೆಂದು ಕೆಲವರು ಭಯಪಡುತ್ತಾರೆ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳಕೊಂಡ ನೊವೊಮಿಯು ಬೇತ್ಲೆಹೇಮಿಗೆ ಬಂದಾಗ ತನ್ನ ಹೆಸರನ್ನೇ ಕಹಿಯೆಂದು ಬದಲಾಯಿಸಿಕೊಂಡಳು, ಸರ್ವಶಕ್ತನೇ ತನ್ನನ್ನು ಕುಗ್ಗಿಸಿದನೆಂದು ಎಲ್ಲರ ಮುಂದೆ ಹೇಳಿದಳು. ಅದಕ್ಕಾಗಿ ದೇವರು ಅವಳನ್ನು ಶಿಕ್ಷಿಸಲಿಲ್ಲ. ಸೊಸೆಯಾದ ರೂತಳು ಹಕ್ಕಲಾಯ್ದು ತಂದ ಜವೆಗೋದಿಯಿಂದ ಅವಳನ್ನು ಪೋಷಿಸಿದನು. 88ನೇ ಕೀರ್ತನೆಯು ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ. ನಮ್ಮ ರಕ್ಷಕನು ತಾನೇ ಗೆತ್ಸೇಮನೆಯಲ್ಲಿ, ಆ ಪಾತ್ರೆಯು ತನ್ನನ್ನು ಬಿಟ್ಟುಹೋಗಲೆಂದು ಬೇಡಿಕೊಂಡನು. ತಂದೆಯ ಹತ್ತಿರ ಅಳುವ ಮಗನು ತಂದೆಯನ್ನು ಬಿಟ್ಟವನಲ್ಲ. ಅಳುವದನ್ನು ನಿಲ್ಲಿಸಿ ಬೇರೆ ಬಾಗಿಲಿಗೆ ಹೋದವನೇ ಬಿಟ್ಟವನು.

ಎರಡನೇ ಗುರುತು, ಆ ದಿವಸದ ಕೆಲಸವನ್ನು ಆ ದಿವಸ ಮಾಡುವದು. ಎಲೀಯನು ಸೋತುಹೋಗಿ ಅಡವಿಯ ಗಿಡದ ಕೆಳಗೆ ಮರಣವನ್ನು ಬೇಡಿ ಮಲಗಿದಾಗ, ದೇವದೂತನು ಅವನಿಗೆ ಪ್ರಸಂಗ ಮಾಡಲಿಲ್ಲ. ರೊಟ್ಟಿಯನ್ನೂ ನೀರನ್ನೂ ಇಟ್ಟು, ಏಳು, ಉಣ್ಣು ಎಂದನು, ತಿರುಗಿ ಮಲಗುವದಕ್ಕೆ ಬಿಟ್ಟನು, ಮತ್ತೊಮ್ಮೆ ಉಣ್ಣಿಸಿದನು. ದುಃಖದಲ್ಲಿರುವವನಿಗೆ ನಾಳೆಯನ್ನೂ ಮುಂದಿನ ವರುಷವನ್ನೂ ದೇವರು ತೋರಿಸುವದು ಅಪರೂಪ. ಆದರೆ ಈ ಹೊತ್ತು ಇಡತಕ್ಕ ಹೆಜ್ಜೆಯನ್ನು ತೋರಿಸುತ್ತಾನೆ. ಒಲೆಯನ್ನು ಹೊತ್ತಿಸುವದು, ದನಕ್ಕೆ ಹುಲ್ಲು ಹಾಕುವದು, ಮಕ್ಕಳನ್ನು ಶಾಲೆಗೆ ಕಳುಹಿಸುವದು, ಇವೂ ಆರಾಧನೆಯೇ.

ಕನ್ನಡ ಮಾತಾಡುವ ನಮ್ಮೆಲ್ಲರಿಗೆ ಇದರಲ್ಲಿ ಒಬ್ಬರ ಋಣವುಂಟು. ಫೆರ್ಡಿನಾಂಡ್ ಕಿಟ್ಟೆಲ್‌ರವರು 1853ರಲ್ಲಿ ಬಾಸೆಲ್ ಮಿಶನಿನ ಬೋಧಕರಾಗಿ ಈ ದೇಶಕ್ಕೆ ಬಂದರು. 1860ರಲ್ಲಿ ಪೌಲೀನ್ ಎಂಬವಳನ್ನು ಮದುವೆಯಾದರು. 1864ರಲ್ಲಿ ಆಕೆಯು ತೀರಿಕೊಂಡಳು. ಪರದೇಶದಲ್ಲಿ ನಾಲ್ಕೇ ವರುಷದ ಸಂಸಾರವು ಹೀಗೆ ಮುರಿಯಿತು. ಆ ಮರಣಕ್ಕೆ ಕಾರಣವೇನೆಂದು ದೇವರು ಅವರಿಗೆ ವಿವರಿಸಿದನೆಂದು ನಾವು ಹೇಳಲಾರೆವು. ಆದರೆ ಅವರು ಕೈಯಲ್ಲಿದ್ದ ಕೆಲಸವನ್ನು ಬಿಡಲಿಲ್ಲ. ಒಂದೊಂದು ಶಬ್ದವಾಗಿ ಕೂಡಿಸುತ್ತಾ ಬಂದು, ಸುಮಾರು 70,000 ಶಬ್ದಗಳುಳ್ಳ ಕನ್ನಡ ನಿಘಂಟನ್ನು ಸಿದ್ಧಮಾಡಿದರು. ಅದು 1894ರಲ್ಲಿ ಮಂಗಳೂರಿನ ಮಿಶನ್ ಅಚ್ಚುಕೂಟದಲ್ಲಿ ಪ್ರಕಟವಾಯಿತು. ಆ ನಿಘಂಟು ಆ ಮರಣಕ್ಕೆ ಸಮಾಧಾನವೆಂದಾಗಲಿ, ದೇವರು ಒಂದನ್ನು ತೆಗೆದು ಇನ್ನೊಂದನ್ನು ಕೊಟ್ಟನೆಂದಾಗಲಿ ನಾವು ಲೆಕ್ಕ ಕಟ್ಟಬಾರದು. ಅದೂ ವ್ಯಾಪಾರದ ಲೆಕ್ಕವೇ. ದುಃಖವುಳ್ಳ ಮನುಷ್ಯನು ದುಃಖವನ್ನಿಟ್ಟುಕೊಂಡೇ ನಂಬಿಗಸ್ತನಾಗಿ ನಡೆಯಬಹುದೆಂಬ ಇಷ್ಟನ್ನೇ ಇದರಿಂದ ಕಲಿಯೋಣ.

ಮೂರನೇ ಗುರುತು ನಮಗೆ ಎಲ್ಲಕ್ಕಿಂತ ಕಷ್ಟವಾದದ್ದು. ಅದು ಸಹೋದರರು ನಮ್ಮನ್ನು ಹೊರುವದಕ್ಕೆ ಒಪ್ಪುವದೇ. ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ, ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದು ಹೇಳಿ, ಸ್ವಲ್ಪ ಮುಂದೆ, ಪ್ರತಿಯೊಬ್ಬನು ತನ್ನ ಹೊರೆಯನ್ನು ತಾನೇ ಹೊರಬೇಕೆಂದೂ ಹೇಳುತ್ತಾನೆ. ಇವೆರಡೂ ಹ್ಯಾಗೆ ನಿಜವಾಗುವವು? ತನ್ನ ಕರ್ತವ್ಯವೆಂಬ ಬುತ್ತಿಯ ಗಂಟನ್ನು ಪ್ರತಿಯೊಬ್ಬನು ಹೊರತಕ್ಕದ್ದು. ಒಬ್ಬನ ಬೆನ್ನನ್ನು ಮುರಿಯುವ ಭಾರವನ್ನಾದರೋ ಅನೇಕರು ಕೂಡಿ ಹೊರತಕ್ಕದ್ದು. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಮಾಳಿಗೆಯನ್ನು ಬಿಚ್ಚಿ ಕರ್ತನ ಮುಂದೆ ಇಳಿಸಿದರು. ಕರ್ತನು ಅವರ ನಂಬಿಕೆಯನ್ನು ನೋಡಿದನೆಂದು ಬರೆದದೆ. ರೋಗಿಯೊಬ್ಬನದನ್ನು ಮಾತ್ರ ನೋಡಿದನೆಂದು ಬರೆದಿಲ್ಲ.

ನಮ್ಮ ಹಳ್ಳಿಗಳಲ್ಲಿ ಮಾನವು ದೊಡ್ಡದು. ಸಾಲವನ್ನು ಮುಚ್ಚಿಡುತ್ತೇವೆ, ಮಗನ ಕುಡಿತವನ್ನು ಮುಚ್ಚಿಡುತ್ತೇವೆ, ಹೊಡೆತ ತಿಂದ ಹೆಂಗಸು ಜಾರಿ ಬಿದ್ದೆನೆಂದು ಹೇಳುತ್ತಾಳೆ. ದೇವರಿಗೆ ಹೇಳಿದ್ದೇನೆ, ಮನುಷ್ಯರಿಗೆ ಯಾಕೆ ಎಂದು ನೆನಸುತ್ತೇವೆ. ಇದು ವಿಶ್ವಾಸದಂತೆ ಕಾಣುತ್ತದೆ. ಆದರೆ ಅನೇಕ ಸಾರಿ ಇದು ಅಭಿಮಾನವೇ. ಸಾಲದ ಭಾರವನ್ನು ಯಾರಿಗೂ ಹೇಳದೆ ಹೊತ್ತು, ಕಡೆಗೆ ತಮ್ಮ ಪ್ರಾಣವನ್ನೇ ತೆಗೆದುಕೊಂಡ ರೈತರ ಸುದ್ದಿಯು ಈ ಕನ್ನಡ ನಾಡಿನಲ್ಲಿ ಯಾರಿಗೆ ತಿಳಿಯದು? ಅಂಥಾ ಯೋಚನೆಯು ನಿಮ್ಮೊಳಗೆ ಯಾರಿಗಾದರೂ ಬಂದಿದ್ದರೆ, ಈ ರಾತ್ರಿಯನ್ನು ಕಳೆಯಬಿಡದೆ ಒಬ್ಬ ಹಿರಿಯನ ಬಾಗಿಲನ್ನಾಗಲಿ ನೆರೆಯವನ ಬಾಗಿಲನ್ನಾಗಲಿ ತಟ್ಟಿರೆಂದು ಬಹಳವಾಗಿ ಬೇಡಿಕೊಳ್ಳುತ್ತೇವೆ. ನಿಮ್ಮ ಜೀವಕ್ಕೆ ಸಾಹುಕಾರನ ಪತ್ರದಲ್ಲಿ ಬರೆದ ಬೆಲೆಯು ಬೆಲೆಯಲ್ಲ. ಸಭೆಯ ಹಿರಿಯರಿಗೂ ನಮ್ಮ ಮಾತೊಂದುಂಟು: ಬಾಗಿಲು ತಟ್ಟಿದವನಿಗೆ ಪ್ರಸಂಗವನ್ನಲ್ಲ, ಊಟವನ್ನು ಮೊದಲು ಕೊಡಿರಿ. ಅವನ ಗುಟ್ಟನ್ನು ಬಾವಿಕಟ್ಟೆಗೆ ತರಬೇಡಿರಿ. ಸಾಲದ ಕಾಗದಗಳನ್ನು ಓದಬಲ್ಲವನೊಬ್ಬನನ್ನು ಅವನ ಸಂಗಡ ಕಳುಹಿಸಿರಿ. ಸಭೆಯಲ್ಲಿ ಹಿಡಿಯಕ್ಕಿಯನ್ನು ಕೂಡಿಸುವ ಪದ್ಧತಿಯಿದ್ದರೆ, ಆ ಅಕ್ಕಿಯು ಮೊದಲು ಯಾವ ಮನೆಯ ಗಡಿಗೆಗೆ ಹೋಗಬೇಕೆಂದು ವಿಚಾರಿಸಿರಿ. ದೇವರನ್ನು ಆತುಕೋ ಎಂದು ಹೇಳಿ, ನಮ್ಮ ಹೆಗಲನ್ನು ಹಿಂದಕ್ಕೆ ತೆಗೆದರೆ, ಬಡವನು ಯಾವದನ್ನು ಆತುಕೊಳ್ಳಲಿ?

ಇಷ್ಟು ಕೇಳಿದ ಮೇಲೆ ಒಬ್ಬನು, ರೋಗಕ್ಕೆ ಔಷಧ, ಹಸಿವೆಗೆ ನೆರೆಯವನ ಅಕ್ಕಿ ಎಂದ ಮೇಲೆ ವಿಶ್ವಾಸದಿಂದ ಪ್ರಯೋಜನವೇನು ಎಂದು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರವು ಶಿಲುಬೆಯಲ್ಲಿದೆ. ದೇವರ ಪ್ರಿಯ ಕುಮಾರನಿಗೆ ಕಷ್ಟವು ತಪ್ಪಲಿಲ್ಲ. ಆತನ ಬೇಡಿಕೆಯ ಪಾತ್ರೆಯು ತೆಗೆಯಲ್ಪಡಲಿಲ್ಲ. ಪೌಲನು ತನ್ನ ಶರೀರದ ಮುಳ್ಳಿಗಾಗಿ ಮೂರು ಸಾರಿ ಬೇಡಿದನು. ಮುಳ್ಳು ಉಳಿಯಿತು, ಕೃಪೆಯು ಕೊಡಲ್ಪಟ್ಟಿತು. ಆದಕಾರಣ ಕಷ್ಟವು ದೇವರು ನಮ್ಮನ್ನು ಬಿಟ್ಟದ್ದಕ್ಕೆ ಗುರುತಲ್ಲ. ಕಷ್ಟದಲ್ಲಿರುವವನು ನಿಂತ ಸ್ಥಳದಲ್ಲಿಯೇ ಕರ್ತನು ತಾನೂ ನಿಂತವನು. ಅದಲ್ಲದೆ ಆತನು ಮೂರನೇ ದಿವಸದಲ್ಲಿ ಎದ್ದದ್ದರಿಂದ, ಯಾವ ಸಮಾಧಿಯೂ ಯಾವ ಸಾಲವೂ ಯಾವ ಅಪಮಾನವೂ ನಮ್ಮ ವಿಷಯದಲ್ಲಿ ಕಡೇ ಮಾತಲ್ಲ. ವಿಶ್ವಾಸವು ಕೊಡುವ ವರವು ದೇವರಿಂದ ಬರುವ ವಸ್ತುವಲ್ಲ, ದೇವರೇ. ಇದನ್ನು ಹೊಂದಿದವನು ಎಲ್ಲವನ್ನು ಕಳಕೊಂಡಾಗ್ಯೂ ತಂದೆಯಿಲ್ಲದವನಾಗುವದಿಲ್ಲ.

ಸೈತಾನನ ಪ್ರಶ್ನೆಗೆ ಯೋಬನು ಒಬ್ಬನೇ ಉತ್ತರ ಕೊಟ್ಟನೆಂದು ನೆನಸಬೇಡಿರಿ. ಕಾಣಿಕೆಗೆ ಹಣವಿಲ್ಲದೆ ಬಂದು, ಹರಿದ ಸೀರೆಯ ಸೆರಗನ್ನು ತಲೆಯ ಮೇಲೆ ಎಳಕೊಂಡು, ಆದಿತ್ಯವಾರದಲ್ಲಿ ಮೊಣಕಾಲೂರುವ ವಿಧವೆಯು ಆ ಉತ್ತರವನ್ನು ಕೊಡುತ್ತಾಳೆ. ಬಾಳೆಲ್ಲಾ ರೋಗಿಯಾದ ಮಗುವನ್ನು ಹೊತ್ತು ಸಾಕುವ ತಂದೆಯು ಅದನ್ನು ಕೊಡುತ್ತಾನೆ. ಅವರಿಗೆ ಲಾಭವು ಕಾಣದು. ಆದರೂ ಅವರು ಹೋಗಿಬಿಡಲಿಲ್ಲ. ಪ್ರಿಯರೇ, ಅಂಥವರು ನಿಮ್ಮ ಸಭೆಯಲ್ಲಿದ್ದರೆ ಅವರನ್ನು ಕನಿಕರದಿಂದ ಮಾತ್ರವಲ್ಲ, ಗೌರವದಿಂದಲೂ ನೋಡಿರಿ. ಅವರ ಹೊರೆಯ ಒಂದು ತುದಿಗೆ ಕೈ ಕೊಡಿರಿ. ನೀವೇ ಅಂಥವರಾಗಿದ್ದರೆ, ಈ ಹೊತ್ತಿನ ಹೆಜ್ಜೆಯನ್ನು ಈ ಹೊತ್ತು ಇಡಿರಿ. ನಾಳೆಯ ಹೆಜ್ಜೆಯು ನಾಳೆ ಕಾಣುವದು. ಎಲ್ಲಾ ಆದರಣೆಯ ದೇವರು ನಿಮ್ಮ ಮನೆಗಳ ಮೇಲೆ ತನ್ನ ಸಮಾಧಾನವನ್ನು ಇಡಲಿ. ಆಮೆನ್.